ಜಗಳೂರಿನ ಇದ್ದಿಲು ಹೊತ್ತು ಎಸ್ಟೋನಿಯಾಕ್ಕೆ

ಹೊರಡುವ ಮುನ್ನ

ನಾನು ವಿದೇಶಕ್ಕೆ ಹೊರಟಿರುವ ಸುದ್ದಿ ಹೊನ್ನಾಳಿಯಲ್ಲಿ ಹಬ್ಬಿದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, ಯಾತಕ್ಕೆ? ಇದ್ದಿಲು ಸುಡುವುದಕ್ಕೆ ಎಂದರೆ ಯಾರೂ ನಂಬಲಿಲ್ಲ. ಬಸ್ ನಿಲ್ದಾಣದ ಹೋಟೆಲಿನವನು ಚಹದ ಲೋಟ ನನ್ನ ಮುಂದಿಡುತ್ತಾ, "ಇದ್ದಿಲು ಸುಡಾಕೆ ಅಷ್ಟು ದೂರ ಯಾಕೆ ಸಾರ್? ನಮ್ಮ ಹಿತ್ತಲಾಗೇ ಜಾಗ ಐತೆ" ಎಂದ.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಇಪ್ಪತ್ತೈದು ವರ್ಷ ಅದೇ ಸೀಮೆಸುಣ್ಣ, ಅದೇ ಹಲಗೆ. ಪಾಠದ ಜೊತೆಗೆ ನನಗೆ ಇನ್ನೊಂದು ಚಟವಿದೆ. ಯಾರಾದರೂ ನಿಂಬೆಹಣ್ಣು ಕಟ್ಟಿದ್ದು ಕಂಡರೆ, ಬೆಕ್ಕು ಅಡ್ಡ ಬಂತೆಂದು ನಿಂತಿದ್ದು ಕಂಡರೆ, ಕರೆದು ಬುದ್ಧಿ ಹೇಳದೆ ಬಿಡುವವನಲ್ಲ. ನನ್ನ ಹೆಂಡತಿಯ ಪ್ರಕಾರ ಇದು ನನಗೆ ಹಿಡಿದ ಗಾಳಿ.

ನಮ್ಮ ಸೀಮೆಯಲ್ಲಿ ಕರೆಯದೆ ಬಂದು ಕೂತ ಗಿಡಗಳಿಗೆ ಬರವಿಲ್ಲ. ಸಾಸ್ವೆಹಳ್ಳಿಯ ಕಡೆ ನೀರು ನಿಂತಲ್ಲೆಲ್ಲ ಅಂತರಗಂಗೆ. ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಲ್ಲಿ ರಸ್ತೆಬದಿಗೆಲ್ಲ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ. ನ್ಯಾಮತಿಯ ಗುಡ್ಡಗಳಿಗೆ ಲಂಟಾನ. ಜಗಳೂರಿಗಂತೂ ಬಳ್ಳಾರಿ ಜಾಲಿ. ಕಡಿದಷ್ಟೂ ಚಿಗುರುತ್ತದೆ, ಅದರ ಮುಳ್ಳಿಗೆ ಪಂಕ್ಚರ್ ಆಗದ ಸೈಕಲ್ ಆ ತಾಲ್ಲೂಕಿನಲ್ಲಿ ಇಲ್ಲ. ಇಂಥ ಗಿಡಗಳನ್ನು ಇದ್ದಿಲು ಮಾಡಿ, ಆ ಇದ್ದಿಲನ್ನು ಮತ್ತೆ ಬಲವಾದ ಕುಲುಮೆಯಲ್ಲಿ ಬೇಯಿಸಿ, ಕಣ್ಣಿಗೆ ಕಾಣದಷ್ಟು ತೆಳುವಾದ ಇಂಗಾಲದ ಹಾಳೆಗಳನ್ನಾಗಿ ಮಾಡಬಹುದು. ಅವು ವಿದ್ಯುತ್ತನ್ನು ಗಬಕ್ಕನೆ ಹೀರಿಕೊಂಡು ಬೇಕಾದಾಗ ಬಿಡುತ್ತವೆ. ಇದನ್ನು ಎಸ್ಟೋನಿಯಾ ದೇಶದ ಟಾರ್ಟು ಎಂಬ ಊರಿನಲ್ಲಿ ಕಾಡ್ರಿ ಎಂಬ ಸಂಶೋಧಕಿ ಮಾಡುತ್ತಿದ್ದಾಳೆಂದು ಓದಿ, ಅವಳಿಗೆ ಪತ್ರ ಬರೆದೆ. ಕಳಿಸಿ ನೋಡೋಣ ಎಂದಳು. ನಾಲ್ಕು ಗಿಡದ ಇದ್ದಿಲಿನ ನಾಲ್ಕು ಪೊಟ್ಟಣ ಕಳಿಸಿದೆ.

ಮೂರು ಪೊಟ್ಟಣ ಸಾಧಾರಣ. ನಾಲ್ಕನೆಯದು, ಜಗಳೂರಿನ ಜಾಲಿಯದು, ಅವಳನ್ನು ಕುಣಿಸಿಬಿಟ್ಟಿತು. ಅಂಥ ಇಂಗಾಲವನ್ನು ತಾನು ನೋಡಿಯೇ ಇಲ್ಲ, ತನ್ನ ಡಾಕ್ಟರೇಟಿಗೆ ಇದೇ ಜೀವಾಳ ಎಂದು ಬರೆದಳು. ಇನ್ನಷ್ಟು ಕಳಿಸಿ, ಸುಡುವ ವಿಡಿಯೊ ಕೂಡ ಕಳಿಸಿ ಎಂದಳು. ಎರಡೂ ಕಳಿಸಿದೆ. ಎರಡನೆಯ ಕಂತಿನ ಇದ್ದಿಲು ಮಾತ್ರ ಏನೂ ಕೆಲಸ ಮಾಡಲಿಲ್ಲ. ಮೊದಲ ಕಂತಿನ ಜಾಲಿ ಇದ್ದಿಲು ಆಗಲೇ ಬೇಯಿಸಿ, ತೊಳೆದು, ಮುಗಿದುಹೋಗಿತ್ತು. ಅವಳ ಪರೀಕ್ಷಕರು ಅನುಮಾನಪಟ್ಟರು: ಮೊದಲನೆಯದಕ್ಕೆ ಯಾರೋ ಅಂಗಡಿಯ ಸಿದ್ಧ ಇಂಗಾಲ ಬೆರೆಸಿರಬೇಕು. ಮತ್ತೊಮ್ಮೆ ಮಾಡಿ ತೋರಿಸದಿದ್ದರೆ ಕಾಡ್ರಿಯ ವರ್ಷಗಟ್ಟಲೆಯ ದುಡಿಮೆ ನೀರುಪಾಲು.

ಇದನ್ನು ಆ ಇದ್ದಿಲು ಸುಟ್ಟುಕೊಟ್ಟ ಹನುಮಕ್ಕನಿಗೆ ಹೇಳಲು ನಾನೇ ಜಗಳೂರಿಗೆ ಹೋದೆ. ಜಾಲಿ ಕಡಿದು ಇದ್ದಿಲು ಭಟ್ಟಿ ಹಾಕುವ ಹೆಂಗಸರ ಸಂಘಕ್ಕೆ ಅವಳೇ ಹಿರಿಯಳು. ಮೂವತ್ತು ವರ್ಷದಿಂದ ಬೆಂಕಿಯೊಂದಿಗೆ ಬಾಳಿದವಳು. ಇದ್ದಿಲು ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಕಲಬೆರಕೆ ಅಂದ್ರಾ?"

"ಅನುಮಾನ ಅಷ್ಟೆ, ಹನುಮಕ್ಕ."

"ಹಾಲಿಗೆ ನೀರು ಬೆರೆಸಾರು ಅದಾರೆ, ಕೇಳೀನಿ. ಇದ್ದಿಲಿಗೆ ಏನು ಬೆರೆಸ್ತಾರ್ರೀ ಮೇಷ್ಟ್ರೇ? ನಾನೇ ಅವರೂರಿಗೆ ಬಂದು, ಅವರ ಕಣ್ಣೆದುರಿಗೇ ಸುಟ್ಟು ತೋರಿಸ್ತೀನಿ ಅಂತ ಬರೀರಿ."

ನಾನು ಅರ್ಧ ತಮಾಷೆಗೆ ಅದನ್ನೇ ಬರೆದೆ. ಬನ್ನಿ ಎಂದು ಕಾಡ್ರಿ ಟಿಕೆಟ್ಟೇ ಕಳಿಸಿದಳು. ಭಾಷೆ ಬೇಕಲ್ಲ, ಹಾಗಾಗಿ ಜೊತೆಗೆ ನನಗೂ ಒಂದು.

ಬೆಂಗಳೂರು ವಿಮಾನ ನಿಲ್ದಾಣ

ಜಾಲಿ ಕಟ್ಟಿಗೆಯನ್ನು ಬೇಕಾದ ಕಾಗದಪತ್ರಗಳ ಸಮೇತ ಮೊದಲೇ ಕಳಿಸಿಯಾಗಿತ್ತು. ಆದರೂ ಹನುಮಕ್ಕ ತನ್ನ ಕೈಚೀಲದಲ್ಲಿ ಸ್ಟೀಲ್ ಡಬ್ಬಿಯೊಂದರ ತುಂಬ ಇದ್ದಿಲ ಪುಡಿ ಇಟ್ಟುಕೊಂಡಿದ್ದಳು. ತಪಾಸಣೆಯವನು ಡಬ್ಬಿ ತೆರೆದು ಹುಬ್ಬೇರಿಸಿದ.

"ಏನಮ್ಮ ಇದು?"

"ಇದ್ದಿಲು ಪುಡಿ."

"ಹಲ್ಲುಜ್ಜೋಕಾ?"

"ಹಲ್ಲುಜ್ಜಾಕಲ್ಲಪ್ಪ, ಕರೆಂಟಿಗೆ."

ಅವನು ಇನ್ನಿಬ್ಬರನ್ನು ಕರೆದ. ಪುಡಿಯನ್ನು ಬಟ್ಟೆಯಿಂದ ಒರೆಸಿ ಯಂತ್ರಕ್ಕೆ ತೋರಿಸಿದರು, ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ನ್ಯಾನೊ ಇಂಗಾಲದ ಬಗ್ಗೆ ಪಾಠ ಶುರುಮಾಡಿದೆ. ಅದು ಮುಗಿಯುವ ಲಕ್ಷಣ ಕಾಣದೆ ಬೇಸತ್ತು ಬಿಟ್ಟರೆಂದು ನನ್ನ ಊಹೆ. ಡಬ್ಬಿಯನ್ನು ಮಾತ್ರ ಇಟ್ಟುಕೊಂಡರು. ವಿಮಾನ ಏರುವವರೆಗೂ ಹನುಮಕ್ಕನಿಗೆ ಪುಡಿಯ ಚಿಂತೆಯಿರಲಿಲ್ಲ, ಡಬ್ಬಿಯ ಚಿಂತೆಯಿತ್ತು.

ಟಾರ್ಟುವಿನ ಬಸ್ಸು

ರಾಜಧಾನಿ ಟಾಲಿನ್‌ನಿಂದ ಟಾರ್ಟುವಿಗೆ ಬಸ್ಸು. ಬಸ್ಸು ತುಂಬಿತ್ತು, ಒಂದು ಮಾತಿಲ್ಲ. ನಮ್ಮಲ್ಲಿ ಹೊನ್ನಾಳಿಯಲ್ಲಿ ಹತ್ತಿದವನು ನ್ಯಾಮತಿ ಬರುವಷ್ಟರಲ್ಲಿ ಪಕ್ಕದವನ ಮಗಳಿಗೆ ವರ ಹುಡುಕಿಕೊಟ್ಟಿರುತ್ತಾನೆ. ಇಲ್ಲಿ ಎರಡು ಗಂಟೆ ಯಾರೂ ಯಾರ ಕಡೆಗೂ ನೋಡಲಿಲ್ಲ. ಹನುಮಕ್ಕ ನನ್ನ ಕಿವಿಗೆ ಬಾಗಿ ಕೇಳಿದಳು:

"ಯಾರಾದ್ರೂ ತೀರ್ಕಂಡಾರೇನ್ರಿ?"

ಹಾಗಲ್ಲ, ಇವರ ಮರ್ಯಾದೆಯೇ ಹೀಗೆ ಎಂದೆ. ಎದುರಿನವರ ಹೊತ್ತನ್ನು ತಿನ್ನಬಾರದು ಎಂಬುದು ಅವರ ನಡತೆಯಂತೆ. ಮೊದಲು ಉಸಿರುಗಟ್ಟಿದಂತಾಯಿತು. ಎರಡು ದಿನ ಕಳೆದ ಮೇಲೆ ನನಗೆ ಅದು ಹಿಡಿಸಿತು. ಕೇಳಿದ್ದಕ್ಕೆ ಉತ್ತರ ಬರುತ್ತಿತ್ತು, ಕೇಳದ್ದು ಬರುತ್ತಿರಲಿಲ್ಲ. ನನ್ನ ಇಪ್ಪತ್ತೈದು ವರ್ಷದ ಉಪದೇಶದ ಬದುಕು ನೆನಪಾಗಿ ಸ್ವಲ್ಪ ಮುಜುಗರವೂ ಆಯಿತು.

ಇನ್ನೊಂದು ಪೇಚು ಸೂರ್ಯನದು. ಜೂನ್ ತಿಂಗಳು, ಅಲ್ಲಿ ಹೊತ್ತು ಮುಳುಗುವುದೇ ಇಲ್ಲವೆನ್ನಬೇಕು. ಹನುಮಕ್ಕ ಸಂಜೆ ದೇವರಿಗೆ ಕೈ ಮುಗಿಯದೆ ಉಣ್ಣುವವಳಲ್ಲ. ಸಂಜೆಯೇ ಆಗದಿದ್ದರೆ? ನಾನು ಒಂದು ಕಿತ್ತಳೆಹಣ್ಣು ಹಿಡಿದು ಭೂಮಿ ವಾಲಿರುವ ಬಗೆಯನ್ನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಇರ್ಲಿ, ಊಟ ಯಾವಾಗ?" ಎಂದಳು. ಕೊನೆಗೆ ಅವಳೇ ದಾರಿ ಕಂಡುಕೊಂಡಳು. ಜಗಳೂರಿನಲ್ಲಿ ಈಗ ದೀಪ ಹಚ್ಚಿರುತ್ತಾರೆ ಎಂದು ಲೆಕ್ಕ ಹಾಕಿ, ಹಗಲು ಬೆಳಕಿನಲ್ಲೇ ಕಿಟಕಿಗೆ ಕೈ ಮುಗಿದು, ಊರಿಂದ ತಂದ ಕಟಕ ರೊಟ್ಟಿ ಮುರಿದಳು. ಕಿತ್ತಳೆಹಣ್ಣನ್ನು ನಾನೇ ತಿಂದೆ.

ಪ್ರಯೋಗಾಲಯ

ಕಾಡ್ರಿ ಸಣಕಲು ಹುಡುಗಿ, ಕಣ್ಣ ಕೆಳಗೆ ಕಪ್ಪು. ಅವಳ ಗುರು ಮಾಲ್ಲೆ ಅರವತ್ತರ ಆಸುಪಾಸಿನ, ಗಂಡಸರ ಹಾಗೆ ದಾಪುಗಾಲು ಹಾಕುವ ಹೆಂಗಸು. ಹನುಮಕ್ಕ ಮೊದಲ ದಿನವೇ ಅವಳನ್ನು ಮಲ್ಲಮ್ಮ ಎಂದು ಕರೆದಳು. ಮಾಲ್ಲೆಗೆ ಅದು ಎಷ್ಟು ಹಿಡಿಸಿತೆಂದರೆ ನನ್ನಿಂದ ಬರೆಸಿಕೊಂಡು ಬಾಗಿಲಿಗೆ ಅಂಟಿಸಿದಳು.

ಕಾಡ್ರಿ ನಮಗೊಂದು ಆಟಿಕೆ ತೋರಿಸಿದಳು. ಹೆಬ್ಬೆರಳಿನಷ್ಟು ಪುಟ್ಟ ಫ್ಯಾನು. ಗುಂಡಿಯಾಕಾರದ ಬಿಲ್ಲೆಯೊಂದರಲ್ಲಿ ಇಂಗಾಲ ತುಂಬಿ, ಒಂದು ಕ್ಷಣ ಕರೆಂಟು ಕೊಟ್ಟು, ಫ್ಯಾನಿಗೆ ಜೋಡಿಸುವುದು. ಮೊದಲ ಕಂತಿನ ಇಂಗಾಲ ಹಾಕಿದಾಗ ತಾನು ಕಾಫಿ ಮಾಡಿಕೊಂಡು ಕುಡಿದು ಮುಗಿಸುವವರೆಗೂ ಅದು ತಿರುಗಿತ್ತು ಎಂದಳು. ಎರಡನೆಯ ಕಂತಿನ ಬಿಲ್ಲೆ ಜೋಡಿಸಿದಳು. ಫ್ಯಾನು ನಾಲ್ಕು ಸುತ್ತು ತಿರುಗಿ ನಿಂತಿತು.

ಹನುಮಕ್ಕ ಆ ಫ್ಯಾನಿನ ಮುಂದೆ ಬಹಳ ಹೊತ್ತು ಕೂತಿದ್ದಳು. "ಈ ಮಗು ಓದು ನನ್ನ ಇದ್ದಿಲಿಂದ ನಿಂತೈತೇನ್ರಿ?" ಎಂದು ಕೇಳಿದಳು. ಹೌದೆಂದೆ. ಎದ್ದು ಹೋಗಿ ಕಾಡ್ರಿಯ ತಲೆಗೂದಲನ್ನು ನೇವರಿಸಿದಳು. ಮುಟ್ಟಿ ಮಾತಾಡದ ದೇಶದ ಹುಡುಗಿ ಬೆಚ್ಚಿದಳು, ಆದರೆ ತಲೆ ಸರಿಸಲಿಲ್ಲ.

ಮಾಲ್ಲೆಯ ಹಳ್ಳಿಮನೆ

ಭಟ್ಟಿ ಹಾಕುವುದು ಮಾಲ್ಲೆಯ ಹಳ್ಳಿಮನೆಯ ಹಿಂದೆ. ಹೊಸ್ತಿಲಲ್ಲೇ ಚಪ್ಪಲಿ ಬಿಡಬೇಕು ಎಂದಾಗ ಹನುಮಕ್ಕನಿಗೆ ಹೋದ ಜೀವ ಬಂದಂತಾಯಿತು. ಬೂಟು ಹಾಕಿಕೊಂಡೇ ಮನೆಯೊಳಗೆ ತಿರುಗುತ್ತಾರೆಂದು ಅವಳು ಹೆದರಿದ್ದಳು. ಊಟಕ್ಕೆ ಕಪ್ಪನೆಯ ಬ್ರೆಡ್ಡು. ಮಾಲ್ಲೆ ಕೊಯ್ಯುವಾಗ ಒಂದು ತುಂಡು ಕೈಜಾರಿ ನೆಲಕ್ಕೆ ಬಿತ್ತು. ಅವಳು ಬಗ್ಗಿ ಅದನ್ನೆತ್ತಿ, ತುಟಿಗೆ ಮುಟ್ಟಿಸಿ, ಮುತ್ತಿಟ್ಟು, ತಟ್ಟೆಯಲ್ಲಿಟ್ಟಳು. ನನ್ನ ಮುಖ ನೋಡಿ, ಅಜ್ಜಿ ಕಲಿಸಿದ್ದು, ಕಾರಣ ಕೇಳಬೇಡಿ ಎಂದು ನಕ್ಕಳು.

"ಅನ್ನ ಬಿದ್ರೆ ನಾವು ಕಣ್ಣಿಗೆ ಒತ್ಕಂತೀವಿ ಅಂತ ಹೇಳ್ರಿ ಮಲ್ಲಮ್ಮಂಗೆ" ಎಂದಳು ಹನುಮಕ್ಕ. ಹೇಳಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ತಲೆದೂಗಿದರು. ನಡುವೆ ನನಗೆ ಕೆಲಸವಿರಲಿಲ್ಲ.

ಹಿತ್ತಲಿಗೆ ಹೋದಾಗ ಸಣ್ಣ ಅನಾಹುತವೊಂದು ತಪ್ಪಿತು. ಬೇಲಿಯಾಚೆ ಆಳೆತ್ತರದ ಗಿಡ, ಕೊಡೆಯಂತೆ ಬಿಳಿ ಹೂ. ಭಟ್ಟಿಯ ಮೇಲೆ ಹೊದಿಸಲು ಸೊಪ್ಪು ಬೇಕಾಗಿತ್ತು. ಹನುಮಕ್ಕ ಕುಡುಗೋಲು ಹಿಡಿದು ಅದಕ್ಕೇ ಕೈ ಹಾಕಿದಳು. ಮೌನದ ಕಾಡ್ರಿ ಕಿಟಾರನೆ ಕಿರುಚಿದಳು. ಅದರ ಹಾಲು ತಗುಲಿದ ಮೈಗೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದಂತೆ. ಹಿಂದೊಮ್ಮೆ ದನಗಳ ಮೇವಿಗೆಂದು ಹೊರಗಿನಿಂದ ತಂದು ನೆಟ್ಟಿದ್ದು, ಈಗ ದೇಶವೇ ಅದನ್ನು ಕಿತ್ತು ಕಿತ್ತು ಸೋತಿದೆಯಂತೆ.

"ನಮ್ಮ ಕಾಂಗ್ರೆಸ್ ಗಿಡಕ್ಕೆ ಇದು ದೊಡ್ಡಕ್ಕ" ಎಂದಳು ಹನುಮಕ್ಕ, ಕುಡುಗೋಲು ಒರೆಸುತ್ತಾ.

ಸೊಪ್ಪಿನ ಮೇಲೆ ಮೆತ್ತಲು ಬೇಕಾದ ಮಣ್ಣನ್ನು ಹನುಮಕ್ಕ ಮುಷ್ಟಿಯಲ್ಲಿ ಹಿಂಡಿ ನೋಡಿದಳು, ಮೂಸಿದಳು, ನೀರು ಹೆಚ್ಚಿದೆ ಎಂದು ಸ್ವಲ್ಪ ಬೂದಿ ಬೆರೆಸಿದಳು. ಮೊಣಕಾಲುದ್ದದ ಗುಂಡಿ ತೋಡಿ, ಜಾಲಿಯ ತುಂಡುಗಳನ್ನು ಒಂದಕ್ಕೊಂದು ಒರಗಿಸಿ ಜೋಡಿಸಿದಳು. ಬೇರೆ ಬೆಂಕಿಗೆ ಗಾಳಿ ಬೇಕು, ಇದ್ದಿಲ ಬೆಂಕಿಗೆ ಗಾಳಿಯೇ ಶತ್ರು. ಒಂದು ಬೆರಳು ತೂರುವ ಬಿರುಕಿದ್ದರೆ ಒಳಗಿನದೆಲ್ಲ ಬೂದಿ. ಅಳತೆಗೋಲಿಲ್ಲ, ಗಡಿಯಾರವಿಲ್ಲ, ಕೈಯೇ ಎಲ್ಲವನ್ನೂ ಬಲ್ಲದು. ಕಾಡ್ರಿ ಬಾಯಿ ತೆರೆದು ನೋಡುತ್ತಿದ್ದಳು. ನಮ್ಮವಳು ಎಂದು ನನಗೆ ಎದೆ ಉಬ್ಬಿತು.

ಸೊಪ್ಪು ಹೊದಿಸುವ ಮುಂಚೆ ಹನುಮಕ್ಕ ನಿಂತಳು. ನನ್ನ ಕಡೆ ತಿರುಗಿದಳು.

"ಮೇಷ್ಟ್ರೇ, ಉಪ್ಪು ಇಲ್ಲೂ ಬ್ಯಾಡೇನ್ರಿ?"

ಇದನ್ನು ವಿವರಿಸಬೇಕು. ಭಟ್ಟಿ ಹಾಕುವ ಹೆಂಗಸರಿಗೆ ಒಂದು ಪದ್ಧತಿಯಿದೆ. ಬೆಂಕಿಗೆ ದೃಷ್ಟಿ ತಾಕಬಾರದೆಂದು ಬಕೆಟ್ ನೀರಿಗೆ ಸೇರುಗಟ್ಟಲೆ ಕಲ್ಲುಪ್ಪು ಸುರಿದು ಕಲಕಿ, ಕಟ್ಟಿಗೆಗೆಲ್ಲ ಚಿಮುಕಿಸಿ, ಮಾರನೆಯ ದಿನ ಬೆಂಕಿ ಕೊಡುತ್ತಾರೆ. ಮೊದಲ ಕಂತು ಹಾಕಿದ ದಿನ ನಾನು ಜಗಳೂರಿನಲ್ಲಿ ಇರಲಿಲ್ಲ. ಎರಡನೆಯ ಕಂತಿಗೆ ಮೊಬೈಲು ಹಿಡಿದು ವಿಡಿಯೊ ತೆಗೆಯುತ್ತಿದ್ದೆ. ಬಕೆಟ್ ಬಂತು. ವಿದೇಶದವರು ನೋಡಿ ನಗುತ್ತಾರೆ, ಇಂಥ ಮೂಢನಂಬಿಕೆ ಬೇಡ, ಬಕೆಟ್ ಆಚೆ ಇಡಿ ಎಂದು ಹೇಳಿದವನು ನಾನೇ. ಇಟ್ಟಿದ್ದರು. ಆಮೇಲೆ ಭಟ್ಟಿ ತೆಗೆದಾಗ ಹನುಮಕ್ಕ ಇದ್ದಿಲನ್ನು ಕಲ್ಲಿಗೆ ಬಡಿದು, "ಸಪ್ಪುಳ ಬ್ಯಾರೆ ಐತೆ ಮೇಷ್ಟ್ರೇ" ಎಂದಿದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಈಗ ಪರದೇಶದ ಹಿತ್ತಲಲ್ಲಿ ಅವಳು ನನ್ನ ಅಪ್ಪಣೆಗೆ ಕಾದು ನಿಂತಿದ್ದಳು. ಇಲ್ಲಿ ಕ್ಯಾಮೆರಾ ಇಲ್ಲವಲ್ಲ, ಅವಳ ಸಮಾಧಾನಕ್ಕೆ ಆಗಲಿ ಎಂದುಕೊಂಡು, "ಹಾಕ್ರಿ" ಎಂದೆ. ಮಾಲ್ಲೆ ಸೌತೆಕಾಯಿ ಉಪ್ಪಿನಕಾಯಿಗೆಂದು ಇಟ್ಟಿದ್ದ ದಪ್ಪ ಉಪ್ಪನ್ನು ತಂದುಕೊಟ್ಟಳು. ಇದೊಂದು ಆಚಾರ ಅಷ್ಟೆ ಎಂದು ಇಂಗ್ಲಿಷಿನಲ್ಲಿ ಹೇಳಿ ನಾನು ಕ್ಷಮೆ ಕೇಳುವವನಂತೆ ನಕ್ಕೆ. ಮಾಲ್ಲೆ ನಗಲಿಲ್ಲ.

ಕಾಯುವ ದಿನಗಳು

ಭಟ್ಟಿ ಚೆನ್ನಾಗಿ ಬಂತು. ಹನುಮಕ್ಕ ಒಂದು ತುಂಡನ್ನು ಕಲ್ಲಿಗೆ ಬಡಿದಳು, ಗಾಜಿನಂತೆ ಟಣ್ ಎಂದಿತು. ನನ್ನ ಕಡೆ ನೋಡಿದಳು.

ಇದ್ದಿಲನ್ನು ಪುಡಿಮಾಡಿ ಕಾಡ್ರಿ ಕುಲುಮೆಗೆ ಇಟ್ಟಳು. ಮೇಲಿನ ಪರದೆಯಲ್ಲಿ ಶಾಖದ ಅಂಕಿ ಏರುತ್ತಿತ್ತು. ಏಳುನೂರು. ಏಳುನೂರೈವತ್ತು. ಸುಮ್ಮನೆ ನೋಡುತ್ತಾ ನಿಂತಿದ್ದೆ. ಎಂಟುನೂರು ದಾಟಿದಾಗ ನನ್ನ ಬಾಯಿ ತಾನಾಗಿ, ತರಗತಿಯ ರಾಗದಲ್ಲಿ, "ಉಪ್ಪು ಕರಗುವುದು ಎಂಟುನೂರೊಂದರಲ್ಲಿ" ಎಂದಿತು.

ನಾನೇ ಅಂದದ್ದನ್ನು ಮತ್ತೊಮ್ಮೆ ಅಂದುಕೊಂಡೆ. ಕಟ್ಟಿಗೆಯ ನರನರಕ್ಕೂ ಇಳಿದ ಉಪ್ಪು ಇಲ್ಲಿ ಕರಗಿ, ಇಂಗಾಲದ ಪದರಗಳ ನಡುವೆ ಹರಿದು ಅವನ್ನು ಬಿಡಿಸುತ್ತದೆ. ಆಮೇಲೆ ನೀರಿನಲ್ಲಿ ತೊಳೆದರೆ ಉಪ್ಪು ಹೋಗುತ್ತದೆ, ಅದು ಕೂತಿದ್ದ ಜಾಗ ಖಾಲಿ ಉಳಿಯುತ್ತದೆ. ಈರುಳ್ಳಿ ಸಿಪ್ಪೆಗಿಂತ ಎಷ್ಟೋ ತೆಳುವಾದ ಪದರಗಳು, ನಡುವೆ ಲೆಕ್ಕವಿಲ್ಲದಷ್ಟು ಪೊಳ್ಳು. ವಿದ್ಯುತ್ತು ಕೂರುವುದು ಅಲ್ಲಿಯೇ. ತೊಳೆದ ಮೇಲೆ ಉಪ್ಪಿನ ಗುರುತೂ ಸಿಗದು. ಇದೆಲ್ಲ ನನ್ನ ಪಠ್ಯಪುಸ್ತಕದ ವಿದ್ಯೆ. ಜಗಳೂರಿನಲ್ಲಿ ಬಕೆಟ್ಟನ್ನು ಆಚೆ ಇಡಿಸಿದಾಗ ಅದರಲ್ಲಿ ಒಂದು ಅಕ್ಷರವೂ ನೆನಪಾಗಲಿಲ್ಲ.

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಇನ್ನೂ ರುಜುವಾತಾಗಿಲ್ಲವಲ್ಲ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಎರಡು ದಿನ ಟಾರ್ಟುವಿನ ಹೊಳೆಯ ದಂಡೆಯಲ್ಲಿ ತಿರುಗಿದೆ. ಅಂದವಾದ ಊರು, ಗುಡಿಸಿದ ಬೀದಿ, ಬೆಂಚಿನ ಮೇಲೆ ಪುಸ್ತಕ ಓದುವ ಮುದುಕರು. ಯಾವುದೂ ತಲೆಗೆ ಹೋಗಲಿಲ್ಲ.

ಫ್ಯಾನು

ಮೂರನೆಯ ದಿನ ಬೆಳಿಗ್ಗೆ ಬಿಲ್ಲೆ ಸಿದ್ಧವಾಯಿತು. ಕಾಡ್ರಿ ಕರೆಂಟು ಕೊಟ್ಟು ಫ್ಯಾನಿಗೆ ಜೋಡಿಸಿದಳು. ತಿರುಗಿತು. ನಾಲ್ಕು ಸುತ್ತು, ಹತ್ತು ಸುತ್ತು, ರೆಕ್ಕೆ ಕಾಣದಷ್ಟು ಜೋರು. ಮಾಲ್ಲೆ ಕಾಫಿ ಮಾಡಿ ತಂದಳು. ಕುಡಿದೆವು. ಫ್ಯಾನು ತಿರುಗುತ್ತಲೇ ಇತ್ತು. ಕಾಡ್ರಿ ಮೇಜಿಗೆ ಹಣೆ ಹಚ್ಚಿ ಅತ್ತಳು. ಈ ಸಲ ಅವಳೇ ಹನುಮಕ್ಕನ ಕೈ ಹುಡುಕಿ ಹಿಡಿದುಕೊಂಡಳು.

ಮಾಲ್ಲೆ ಲೋಟ ಕೆಳಗಿಟ್ಟಳು. ಹನುಮಕ್ಕನನ್ನೇ ನೋಡುತ್ತಾ ಕೇಳಿದಳು: ಈ ಉಪ್ಪನ್ನು ಮೊದಲ ಸಲವೂ ಹಾಕಿದ್ದಿರಾ? ಎರಡನೆಯ ಸಲ?

ನಾನು ಕನ್ನಡಕ್ಕೆ ತಿರುಗಿಸಿದೆ. ಹನುಮಕ್ಕ ತಲೆಯೆತ್ತದೆ ಹೇಳಿದಳು:

"ಎರಡನೇ ಸಲ ನಾನೇ ಮರ್ತೆ ಅಂತ ಹೇಳ್ರಿ. ವಯಸ್ಸಾಗೈತೆ, ಮರೆವು ಅನ್ರಿ."

"ಹನುಮಕ್ಕ..."

"ಹೇಳ್ರಿ ಮೇಷ್ಟ್ರೇ. ನನಗೇನು ಆಗಾದೈತೆ? ನಿಮ್ಮ ಹೆಸರು ಕೆಡಾದು ಬ್ಯಾಡ ಇವರ ಮುಂದೆ."

ಆ ಕೋಣೆಯಲ್ಲಿ ಎರಡೂ ಭಾಷೆ ಬಲ್ಲವನು ನಾನೊಬ್ಬನೇ. ಅವಳು ಹೇಳಿದ್ದನ್ನೇ ಇಂಗ್ಲಿಷಿಗೆ ತಿರುಗಿಸಿದ್ದರೆ ಅನುವಾದ ಸರಿಯಾಗಿಯೇ ಇರುತ್ತಿತ್ತು. ಕಲಬೆರಕೆ ಎಂಬ ಮಾತನ್ನು ತೊಳೆಯಲು ಅಷ್ಟು ದೂರ ಬಂದವಳು, ನನಗೋಸ್ಕರ ಮರೆಗುಳಿ ಎಂಬ ಮಾತನ್ನು ಹೊತ್ತುಕೊಂಡು ಹೋಗಲು ತಯಾರಾಗಿದ್ದಳು. ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದೆ: ಇವಳು ಮರೆತಿಲ್ಲ. ಉಪ್ಪು ತಂದಿದ್ದಳು. ನೀವು ನಗುತ್ತೀರೆಂದು ನಾಚಿಕೆಪಟ್ಟು ನಾನೇ ಬೇಡವೆಂದೆ. ಸದ್ದು ಬೇರೆಯಾಗಿದೆ ಎಂದೂ ಹೇಳಿದ್ದಳು, ನಾನು ಕೇಳಲಿಲ್ಲ. ನಿಮ್ಮ ವರ್ಷ ಹಾಳಾಗಿದ್ದು ನನ್ನಿಂದ.

ಕಾಡ್ರಿಗೆ ಸಿಟ್ಟು ಬಂದಿತ್ತು, ಮುಚ್ಚಿಡಲೂ ಇಲ್ಲ. ಆಮೇಲೆ ಎದ್ದು ತನ್ನ ನೋಟ್‌ಬುಕ್ಕಿನ ಹೊಸ ಪುಟ ತೆರೆದು, ಈ ಉಪ್ಪಿನ ವಿಧಾನ ಯಾರದು, ಹೆಸರು ಹೇಳಿ ಎಂದಳು. ಹನುಮಕ್ಕನನ್ನು ಕೇಳಿದೆ. ಅವಳ ಅತ್ತೆ ಕಲಿಸಿದ್ದಂತೆ, ಹೆಸರು ತಿಪ್ಪಮ್ಮ. ಆ ಹೆಸರನ್ನು ಕಾಡ್ರಿ ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡಳು. ಅದರ ಕೆಳಗೆ ಹನುಮಕ್ಕನ ಹೆಸರು. ಬೇಲಿಯಾಚೆಯ ಆ ಸುಡುವ ಗಿಡಕ್ಕೂ ಇದೇ ಉಪ್ಪು ಹಾಕಿ ನೋಡುತ್ತೇನೆ ಎಂದು ಮಾಲ್ಲೆಗೆ ಹೇಳಿದಳು. ಗುರುಶಿಷ್ಯೆಯರು ಅಲ್ಲೇ ವಾದಕ್ಕೆ ಕೂತರು.

ಹಿಂದಿರುಗುವ ಬಸ್ಸು

ಟಾಲಿನ್ನಿನ ಬಸ್ಸಿನಲ್ಲಿ ನಾನು ಮಾಲ್ಲೆಗೂ ಕಾಡ್ರಿಗೂ ಏನು ಹೇಳಿದ್ದೆನೆಂದು ಹನುಮಕ್ಕನಿಗೆ ಹೇಳಿದೆ. ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೇಳಿಸಿಕೊಂಡಳು.

"ಹಂಗಾರೆ ನಾನು ಹೇಳಿದ್ದನ್ನ ಹೇಳ್ಲಿಲ್ಲ ಅನ್ರಿ."

"ಇಲ್ಲ ಹನುಮಕ್ಕ. ತಪ್ಪು ನಂದು."

"ತಪ್ಪು ನಂದೂ ಐತೆ. ಸಪ್ಪುಳ ಬ್ಯಾರೆ ಅಂತ ಕೈಗೆ ಗೊತ್ತಾಗಿತ್ತು. ಓದಿದಾರು ಹೇಳ್ಯಾರೆ ಅಂದ್ಮ್ಯಾಲೆ ನನ್ನ ಕೈಯೇ ಸುಳ್ಳು ಹೇಳ್ತೈತೆ ಅನ್ಕಂಡೆ."

ಬಸ್ಸಿನಲ್ಲಿ ಎಂದಿನಂತೆ ಯಾರೂ ಮಾತಾಡುತ್ತಿರಲಿಲ್ಲ. ಹೊರಗೆ ಬರ್ಚ್ ಮರಗಳ ಸಾಲು ಮುಗಿದು ಹೊಲಗಳು ಬಂದವು. ಸ್ವಲ್ಪ ದೂರ ಹೋದ ಮೇಲೆ ಅವಳು ನನ್ನ ಕಡೆ ತಿರುಗಿದಳು. ದನಿಯಲ್ಲಿ ಕೋಪವಿರಲಿಲ್ಲ.

"ಮೇಷ್ಟ್ರೇ, ನಮಗೆ ಇನ್ನೂ ಏನೇನು ಬ್ಯಾಡ ಅಂದಿದ್ರಿ? ವಸಿ ನೆನಪು ಮಾಡ್ಕಳ್ರಿ."

ಬೇಡವೆಂದಿದ್ದೆಲ್ಲ ಸರಿಯಾಗಿಯೇ ಇರಬಹುದು. ಯಾಕೆ ಮಾಡುತ್ತೀರಿ ಎಂದು ಮೊದಲು ಕೇಳಿ ಆಮೇಲೆ ಬೇಡವೆಂದದ್ದು ಒಂದಾದರೂ ಇದೆಯೇ ಎಂದು ಹುಡುಕುತ್ತಾ ಕೂತೆ. ಟಾಲಿನ್ ಬಂದರೂ ಒಂದೂ ಸಿಕ್ಕಿರಲಿಲ್ಲ.